ಬಯೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತು ಸತ್ತ ಎಚ್81 ಬೋರ್ಡ್: ಅದೇ ಗುರುತಿನೊಂದಿಗೆ ಎಬ್ಬಿಸುವುದು ಹೇಗೆ?

ಕಾರಟಗಿ_ವೇಬ್ರಿಡ್ಜ್:

ನಮಸ್ಕಾರ. ಕಾರಟಗಿಯ ಅಕ್ಕಿ ಮಿಲ್ ಒಂದರ ವೇಬ್ರಿಡ್ಜ್ (ಲಾರಿ ತೂಗುವ ಸೇತುವೆ) ಕೋಣೆಯ ಕಂಪ್ಯೂಟರ್ ಇದು. ಆಸುಸ್ ಎಚ್81ಎಂ ಬೋರ್ಡ್, ಪೆಂಟಿಯಂ ಜಿ3220 ಪ್ರೊಸೆಸರ್, 4 ಜಿಬಿಯ ಒಂದೇ ಡಿಡಿಆರ್3 ರಾಮ್, ವಿಂಡೋಸ್ 7. ಐ5-4590 ಪ್ರೊಸೆಸರ್ ಹಾಕಬೇಕೆಂದರೆ ಹೊಸ ಬಯೋಸ್ (ಬೋರ್ಡನ್ನು ಎಬ್ಬಿಸುವ ಮೂಲ ಪ್ರೋಗ್ರಾಮ್) ಬೇಕಿತ್ತು. ಆಸುಸ್‌ನ ಬಯೋಸ್ ಬರೆಯುವ ಸೌಲಭ್ಯವಾದ ಈಝಿ ಫ್ಲಾಶ್‌ನಲ್ಲಿ ಅಪ್‌ಡೇಟ್ ನಡೆಯುವಾಗ ಅರ್ಧಕ್ಕೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಆ ಹೊತ್ತಿಗೆ ಕೈಕೊಟ್ಟಿತು.

ಈಗ ಪವರ್ ಒತ್ತಿದರೆ ಸಿಪಿಯು ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಡಿಸ್‌ಪ್ಲೇ ಇಲ್ಲ, ಕೀಬೋರ್ಡಿನ ನಮ್‌ಲಾಕ್ ದೀಪ ಹತ್ತುವುದಿಲ್ಲ. ಸೆಲ್ ತೆಗೆದು ಅರ್ಧ ಗಂಟೆ ಬಿಟ್ಟು ಹಾಕಿದರೂ ಹಾಗೇ ಇದೆ. ರಾಮ್ ಬದಲಿಸಿ ನೋಡಿದ್ದಾಗಿದೆ. ಐ5 ಇನ್ನೂ ಹಾಕಿಲ್ಲ, ಹಳೇ ಪೆಂಟಿಯಂ ಬೋರ್ಡಿನಲ್ಲೇ ಇದೆ.

ಅಂಗಡಿಯವರು ಬೋರ್ಡ್ ಬದಲಿಸಿ ಅನ್ನುತ್ತಾರೆ. ಆದರೆ ತೂಕದ ಇಂಡಿಕೇಟರ್‌ನ ಸೀರಿಯಲ್ ಕೇಬಲ್ ಈ ಬೋರ್ಡಿನ ಕಾಮ್ ಪೋರ್ಟಿಗೇ ಬರುತ್ತದೆ. ಚೀಟಿ ಮುದ್ರಿಸುವ ಸಾಫ್ಟ್‌ವೇರ್‌ನ ಲೈಸೆನ್ಸ್ ಕೂಡ ಈ ಯಂತ್ರದ ಹಾರ್ಡ್‌ವೇರ್ ಐಡಿಗೆ ಕಟ್ಟಿದೆ. ಬೋರ್ಡ್ ಬದಲಾದರೆ ಲೈಸೆನ್ಸ್ ಮತ್ತೆ ತರಿಸಬೇಕು, ಅಲ್ಲಿಯವರೆಗೆ ಭತ್ತದ ಲಾರಿಗಳಿಗೆಲ್ಲ ಕೈಬರಹದ ಚೀಟಿಯೇ ಗತಿ. ಇದೇ ಬೋರ್ಡನ್ನು, ಗುರುತು ಬದಲಾಗದಂತೆ, ಎಬ್ಬಿಸಲು ದಾರಿ ಇದೆಯಾ?


ರಾಯಚೂರು_ಚಿಪ್‌ಲೆವೆಲ್:

ದಾರಿ ಅದ, ಬೋರ್ಡ್ ಬಿಸಾಕಬ್ಯಾಡ್ರಿ. ಮೊದಲು ಒಂದು ಮಾತು: ಸೆಲ್ ತೆಗೆದರ ಸೆಟ್ಟಿಂಗ್ ಅಷ್ಟೇ ಡಿಫಾಲ್ಟಿಗೆ ಹೋಗ್ತಾವ. ಬಯೋಸ್ ಪ್ರೋಗ್ರಾಮ್ ಇರೋದು ಬ್ಯಾರೆ ಫ್ಲಾಶ್ ಚಿಪ್ಪಿನ್ಯಾಗ, ಅದಕ್ಕ ಸೆಲ್ಲಿನ ಹಂಗಿಲ್ಲ. ಹಂಗಾಗಿ ಸೆಲ್ ಎಷ್ಟು ಸರ್ತಿ ತೆಗೆದು ಹಾಕಿದರೂ ಅರ್ಧ ಬರೆದ ಬಯೋಸ್ ಪೂರ್ತಿ ಆಗಂಗಿಲ್ಲ.

ಈಗ ತಿಳೀಬೇಕಾದ್ದು ಒಂದೇ. ಬಯೋಸಿನ ಬೂಟ್ ಬ್ಲಾಕ್ ಜೀವಂತ ಅದನೋ ಇಲ್ಲೋ. ಬೂಟ್ ಬ್ಲಾಕ್ ಅಂದರ ಪ್ರೊಸೆಸರ್ ಎದ್ದ ಕೂಡ್ಲೇ ಓದೋ ಮೊದಲನೇ ಭಾಗ. ಅದು ಉಳಿದಿದ್ದರ ಪೆನ್‌ಡ್ರೈವ್ ಸಾಕು, ಅದೂ ಹೋಗಿದ್ದರ ಚಿಪ್ ಬಿಚ್ಚಿ ಬರೀಬೇಕು.

ಪರೀಕ್ಷೆ ಹಿಂಗ ಮಾಡ್ರಿ. ಫ್ರಂಟ್ ಪ್ಯಾನೆಲ್ ಪಿನ್ನುಗಳ ಹತ್ರ ಸ್ಪೀಕರ್ ಅಂತ ನಾಲ್ಕು ಪಿನ್ ಇರ್ತಾವ, ಅಲ್ಲಿ ಸಣ್ಣ ಬಜರ್ ಹಾಕ್ರಿ. ರಾಮ್ ಪೂರ್ತಿ ತೆಗೆದು ಪವರ್ ಕೊಡ್ರಿ. ಒಂದು ಉದ್ದ, ಎರಡು ಗಿಡ್ಡ ಬೀಪ್ ಮತ್ತ ಮತ್ತ ಬಂದರ ಬೋರ್ಡ್ 'ರಾಮ್ ಇಲ್ಲ' ಅಂತ ಹೇಳ್ಲಿಕತ್ತದ. ಅಂದರ ಬಯೋಸಿನ ಮೊದಲನೇ ಭಾಗ ಓಡ್ಲಿಕತ್ತದ. ಒಂದು ಸಪ್ಪಳನೂ ಬರಲಿಲ್ಲ ಅಂದರ ಅದು ಸತ್ತದ ಅಂತ ತಿಳೀರಿ. ಬಜರ್ ಇಲ್ಲದ ಬೋರ್ಡಿನ್ಯಾಗ 'ಬೀಪ್ ಬರಲಿಲ್ಲ' ಅನ್ನೋದಕ್ಕ ಅರ್ಥನೇ ಇಲ್ಲ, ಅದಕ್ಕ ಬಜರ್ ಹಾಕೇ ನೋಡ್ರಿ.

ಬೀಪ್ ಬಂದರ ಪೆನ್‌ಡ್ರೈವಿನಿಂದ ಬಯೋಸ್ ಮತ್ತ ಬರೆಯೋ ಆಸುಸ್‌ನ ಕ್ರ್ಯಾಶ್‌ಫ್ರೀ ಬಯೋಸ್ 3 ಸೌಲಭ್ಯ ಉಪಯೋಗಕ್ಕ ಬರ್ತದ. 4 ಇಲ್ಲಾ 8 ಜಿಬಿ ಪೆನ್‌ಡ್ರೈವ್, ಒಂದೇ ಪಾರ್ಟಿಶನ್, ಫ್ಯಾಟ್32 ಫಾರ್ಮ್ಯಾಟ್. ಬಯೋಸ್ ಫೈಲ್ ಒಂದನ್ನೇ ಹಾಕ್ರಿ. ಫೈಲಿನ ಹೆಸರು ಮ್ಯಾನುಯಲ್‌ನ್ಯಾಗ ಕೊಟ್ಟಂಗೇ ಇರಬೇಕು, ಡೌನ್‌ಲೋಡ್ ಆದ ಉದ್ದನೇ ಹೆಸರು ಇಟ್ಟರ ಬೋರ್ಡ್ ಅದನ್ನ ಹುಡುಕಂಗಿಲ್ಲ. ಹಿಂದಿನ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿ, ಹಾರ್ಡ್ ಡಿಸ್ಕ್ ಕೇಬಲ್ ಬಿಚ್ಚಿ, ಮಾನಿಟರ್ ಬೋರ್ಡಿನ ವಿಜಿಎಗೇ ಕೊಟ್ಟು ಆನ್ ಮಾಡ್ರಿ. ಪೆನ್‌ಡ್ರೈವಿನ ದೀಪ ಮಿಣುಕಿದರ ಕೈ ಹಚ್ಚಬ್ಯಾಡ್ರಿ, ಹತ್ತು ನಿಮಿಷ ಬಿಡ್ರಿ. ಬೋರ್ಡಿನ ಜೊತಿ ಬಂದ ಡಿವಿಡಿ ಇದ್ದರ ಅದರಿಂದನೂ ಆಗ್ತದ, ಹಳೇ ಬಯೋಸ್ ಅದರಾಗ ಇರ್ತದ. ಪೆಂಟಿಯಂ ಬದಲಿಸದೇ ಬಿಟ್ಟದ್ದು ಒಳ್ಳೇದಾತು, ಹಳೇ ಬಯೋಸಿಗೆ 4590 ಗುರುತು ಹತ್ತಂಗಿಲ್ಲ.

ಇನ್ನೊಂದು: ಬರೀ 'ಎಚ್81ಎಂ' ಅಂದರ ಸಾಲದು. ಎಚ್81ಎಂ-ಸಿ, ಎಚ್81ಎಂ-ಸಿಎಸ್, ಎಚ್81ಎಂ-ಕೆ, ಎಚ್81ಎಂ-ಇ ಎಲ್ಲಾ ಬ್ಯಾರೆ ಬ್ಯಾರೆ ಬೋರ್ಡ್, ಬ್ಯಾರೆ ಬ್ಯಾರೆ ಫೈಲ್. ಬೋರ್ಡಿನ ಮ್ಯಾಲೆ ದಪ್ಪ ಅಕ್ಷರದಾಗ ಬರೆದದ್ದು ಪೂರ್ತಿ ಓದ್ರಿ.


ತೋರಣಗಲ್ಲು_ಟೆಕ್:

ಇದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಸಿಕ್ಕರೆ ಹಾಟ್ ಸ್ವಾಪ್ ಮಾಡಬಹುದು. ಒಳ್ಳೇ ಬೋರ್ಡ್ ಆನ್ ಮಾಡಿ, ಆನ್ ಇದ್ದಂಗೇ ಅದರ ಬಯೋಸ್ ಚಿಪ್ ಕಿತ್ತು, ಕೆಟ್ಟದ್ದನ್ನ ಕೂರಿಸಿ ಫ್ಲಾಶ್ ಮಾಡೋದು. ಪ್ರೋಗ್ರಾಮರ್ (ಚಿಪ್ ಓದಿ ಬರೆಯೋ ಸಾಧನ) ಬೇಕಾಗಲ್ಲ.


ಬಳ್ಳಾರಿ_ಕೌಲ್‌ಬಜಾರ್:

ಹಾಟ್ ಸ್ವಾಪ್ ದಯವಿಟ್ಟು ಬೇಡ. ಓಡುತ್ತಿರುವ ಬೋರ್ಡಿನ ಸಾಕೆಟ್‌ನಲ್ಲಿ ಸ್ಕ್ರೂಡ್ರೈವರ್ ಜಾರಿದರೆ ಒಂದರ ಬದಲು ಎರಡು ಬೋರ್ಡ್ ಕೆಡುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ದಾರಿಯಲ್ಲಿ ಹಳೇ ಚಿಪ್ಪಿನ ಒಳಗಿರುವುದನ್ನು ಯಾರೂ ಮೊದಲು ಉಳಿಸಿಕೊಳ್ಳುವುದಿಲ್ಲ, ನೇರ ಬರೆದುಬಿಡುತ್ತಾರೆ. ಕಾರಟಗಿಯವರಿಗೆ ಬೇಕಾಗಿರುವ ಗುರುತು ಇರುವುದೇ ಆ ಚಿಪ್ಪಿನಲ್ಲಿ. ಪ್ರೋಗ್ರಾಮರ್ ಕೆಲವು ನೂರು ರೂಪಾಯಿಗೆ ಸಿಗುವಾಗ ಆ ಅಪಾಯ ಯಾಕೆ?

ಬಜರ್ ಪರೀಕ್ಷೆಯ ಫಲ ಹೇಳಿ. ಹಾಗೇ ಚಿಪ್ ಸಾಕೆಟ್‌ನಲ್ಲಿದೆಯಾ, ಬೆಸುಗೆ ಹಾಕಿದೆಯಾ, ಅದರ ಮೇಲೆ ಏನು ಬರೆದಿದೆ ನೋಡಿ.


ಕಾರಟಗಿ_ವೇಬ್ರಿಡ್ಜ್:

ರಾಮ್ ತೆಗೆದಾಗ ಬಜರ್ ಸದ್ದೇ ಇಲ್ಲ. ಪೆನ್‌ಡ್ರೈವಿನ ದೀಪ ಒಮ್ಮೆ ಹತ್ತಿ ಸುಮ್ಮನಾಗುತ್ತದೆ. ಬೋರ್ಡಿನ ಮೇಲೆ ಎಚ್81ಎಂ-ಸಿಎಸ್ ಅಂತಿದೆ. ಚಿಪ್ ಎಂಟು ಕಾಲಿನದು, ಸಾಕೆಟ್‌ನಲ್ಲಿ ಕೂತಿದೆ. ಮೇಲೆ ವಿನ್‌ಬಾಂಡ್ 25ಕ್ಯೂ64ಎಫ್‌ವಿ ಅಂತ ಓದಲು ಬರುತ್ತದೆ. ಸಿಎಚ್341ಎ ಪ್ರೋಗ್ರಾಮರ್ ತರಿಸಿದ್ದೇನೆ, ಕಪ್ಪು ಬೋರ್ಡಿನದು.


ಬಳ್ಳಾರಿ_ಕೌಲ್‌ಬಜಾರ್:

ಸಾಕೆಟ್‌ನಲ್ಲಿರುವುದು ದೊಡ್ಡ ಅನುಕೂಲ. ಬೆಸುಗೆ ಬೇಡ, ಕ್ಲಿಪ್ ಬೇಡ. 25ಕ್ಯೂ64 ಅಂದರೆ 64 ಮೆಗಾಬಿಟ್, ಅಂದರೆ 8 ಎಂಬಿ, ಲೆಕ್ಕಕ್ಕೆ 83,88,608 ಬೈಟ್. ಈ ಅಂಕಿ ನೆನಪಿರಲಿ, ಮುಂದೆ ಪ್ರತಿ ಹೆಜ್ಜೆಗೂ ಬೇಕು.

ಚಿಪ್ ತೆಗೆಯುವ ಮುಂಚೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ವೈರ್ ಕಿತ್ತು, ಸೆಲ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೆಲಸ ಶುರು ಮಾಡಿ, ನಮ್ಮ ಕಡೆ ಒಣ ಹವೆಗೆ ಮೈಯಲ್ಲಿ ಸ್ಟ್ಯಾಟಿಕ್ ಜಾಸ್ತಿ. ಚಿಪ್ಪಿನ ಕಚ್ಚು ಯಾವ ಕಡೆಗಿದೆ ಎಂದು ಫೋಟೋ ತೆಗೆದುಕೊಳ್ಳಿ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರನ್ನು ಒಂದು ತುದಿಯಲ್ಲಿ ಸ್ವಲ್ಪ, ಇನ್ನೊಂದು ತುದಿಯಲ್ಲಿ ಸ್ವಲ್ಪ ಎಬ್ಬುತ್ತಾ ಬನ್ನಿ. ಒಂದೇ ಕಡೆ ಎತ್ತಿದರೆ ಆ ಕಡೆಯ ಕಾಲು ಬಗ್ಗುತ್ತವೆ. ವಾಪಸ್ ಕೂರಿಸುವಾಗ ತಿರುಗುಮುರುಗಾದರೆ 4ನೇ ಕಾಲಿನ ಜಾಗಕ್ಕೆ 8ನೆಯದು ಬಂದು ವಿಸಿಸಿ (ಚಿಪ್ಪಿಗೆ ಕರೆಂಟ್ ಬರುವ ಕಾಲು), ಗ್ರೌಂಡ್ ಅದಲುಬದಲಾಗುತ್ತವೆ. ಚಿಪ್ ಸುಡಲು ಅಷ್ಟು ಸಾಕು.

ಕಪ್ಪು ಸಿಎಚ್341ಎ ಬಗ್ಗೆ ಎಚ್ಚರ. ಇದರ ವಿಸಿಸಿ ಕಾಲಿನಲ್ಲಿ 3.3 ವೋಲ್ಟ್ ಬರುತ್ತದೆ, ಸರಿ. ಆದರೆ ಸಿಎಚ್341ಎ ಐಸಿ ತಾನು ಓಡುವುದು 5 ವೋಲ್ಟ್‌ನಲ್ಲಿ, ಹೀಗಾಗಿ ಕ್ಲಾಕ್ ಮತ್ತು ಡೇಟಾ ಕಾಲುಗಳಿಗೂ 5 ವೋಲ್ಟ್ ಬಿಡುತ್ತದೆ. ವಿನ್‌ಬಾಂಡ್ ಡೇಟಾಶೀಟ್ ಪ್ರಕಾರ ಯಾವ ಕಾಲಿಗೂ ವಿಸಿಸಿಗಿಂತ 0.4 ವೋಲ್ಟ್‌ಗಿಂತ ಹೆಚ್ಚು ಬೀಳಬಾರದು. ಅಂದರೆ 3.7ರ ಮಿತಿ, ಬೀಳುತ್ತಿರುವುದು 5. ಬಹಳ ಚಿಪ್ ಇದನ್ನು ತಡೆದುಕೊಳ್ಳುತ್ತವೆ ಅನ್ನುವುದು ನಿಜ. ಆದರೆ ನಿಮ್ಮ ಚಿಪ್ಪಿನಲ್ಲಿ ಬೇರೆಲ್ಲೂ ಪ್ರತಿ ಇಲ್ಲದ ಮಾಹಿತಿ ಇದೆ, ಅದರ ಮೇಲೆ ಪಂದ್ಯ ಕಟ್ಟಬೇಡಿ. ಬೆಸುಗೆ ಬರುವವರ ಹತ್ತಿರ ಸಿಎಚ್341ಎ ಐಸಿಯ 28ನೇ ಕಾಲು ಎಬ್ಬಿಸಿ, ಅದನ್ನೂ 9ನೇ ಕಾಲನ್ನೂ ಸೇರಿಸಿ 3.3 ವೋಲ್ಟ್‌ಗೆ ಕಟ್ಟಿಸಿ. ಆಮೇಲೆ ಮಲ್ಟಿಮೀಟರ್‌ನಲ್ಲಿ ಚಿಪ್ ಇಲ್ಲದ ಸಾಕೆಟ್ಟಿನ ಕಾಲುಗಳನ್ನು ಅಳೆದು, ಎಲ್ಲೂ 3.4 ದಾಟದಿದ್ದರೆ ಮಾತ್ರ ಚಿಪ್ ಇಡಿ. ವೋಲ್ಟೇಜ್ ಆಯ್ಕೆಯ ಸ್ವಿಚ್ ಇರುವ ಮಾದರಿಯೂ ಬರುತ್ತದೆ, ಅದು ಸಿಕ್ಕರೆ ಈ ಕೆಲಸ ತಪ್ಪುತ್ತದೆ.

ಪ್ರೋಗ್ರಾಮರ್‌ನ ಲಿವರ್ ಸಾಕೆಟ್ಟಿನಲ್ಲಿ 24 ಮತ್ತು 25 ಎಂದು ಎರಡು ಭಾಗ ಇವೆ. ನಿಮ್ಮದು 25ರ ಕಡೆ. ಬೋರ್ಡ್ ಮೇಲಿನ ಚಿತ್ರ ನೋಡಿ 1ನೇ ಕಾಲು ಹೊಂದಿಸಿ. ಮೂರು ಪಿನ್ನಿನ ಜಂಪರ್ 1-2ರಲ್ಲಿ ಇರಬೇಕು.

ಆಸ್‌ಪ್ರೋಗ್ರಾಮರ್ ಅಥವಾ ನಿಯೋಪ್ರೋಗ್ರಾಮರ್ ಸಾಫ್ಟ್‌ವೇರ್ ತೆರೆದು ಚಿಪ್ ಐಡಿ ಓದಿಸಿ. ಇಎಫ್ 40 17 ಬರಬೇಕು. ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಅಥವಾ 00 00 00 ಬಂದರೆ ಕಾಲು ಸರಿಯಾಗಿ ತಾಗಿಲ್ಲ, ಇಲ್ಲವೇ ತಿರುಗಾಗಿದೆ. ಐಡಿ ಸರಿ ಬಂದ ಮೇಲೆ ಬರೆಯುವ ಬಟನ್ ಕಡೆ ಕೈ ಹೋಗಬಾರದು. ಮೊದಲು ಓದಿ ಒಂದು ಫೈಲ್ ಉಳಿಸಿ. ಚಿಪ್ ತೆಗೆದು ಮತ್ತೆ ಇಟ್ಟು, ಇನ್ನೊಮ್ಮೆ ಓದಿ ಎರಡನೇ ಫೈಲ್ ಉಳಿಸಿ. ಎರಡೂ ಬೈಟಿಗೆ ಬೈಟ್ ಒಂದೇ ಇರಬೇಕು. ಒಂದು ಬೈಟ್ ವ್ಯತ್ಯಾಸ ಬಂದರೂ ಸಂಪರ್ಕ ಸಡಿಲ ಎಂದರ್ಥ, ಕಾಲುಗಳನ್ನು ಐಸೊಪ್ರೊಪೈಲ್‌ನಿಂದ ಒರೆಸಿ ಮತ್ತೆ ಓದಿ. ಆ ಪ್ರತಿಯನ್ನು ಎರಡು ಬೇರೆ ಕಡೆ ಇಡಿ.

ಈ ಹಳೇ ಪ್ರತಿಗೆ ಯಾಕೆ ಇಷ್ಟು ಒತ್ತು ಅಂದರೆ, ಆಸುಸ್ ಬೋರ್ಡ್‌ಗಳಲ್ಲಿ ಬಯೋಸ್ ಒಳಗೇ ಎಫ್‌ಡಿ44 ಎಂಬ ಸಣ್ಣ ಭಾಗ ಇರುತ್ತದೆ. ಬೋರ್ಡಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಗುರುತು), ಯುಯುಐಡಿ (ಯಂತ್ರದ ವಿಶಿಷ್ಟ ಗುರುತಿನ ಸಂಖ್ಯೆ), ಬೋರ್ಡ್ ಸೀರಿಯಲ್ ನಂಬರ್ ಅದರಲ್ಲಿ. ಈಝಿ ಫ್ಲಾಶ್ ಅಪ್‌ಡೇಟ್ ಮಾಡುವಾಗ ಇದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತದೆ. ಪ್ರೋಗ್ರಾಮರ್ ಹಾಗಲ್ಲ, ಕೊಟ್ಟ ಫೈಲನ್ನು ತಲೆಯಿಂದ ಬಾಲದವರೆಗೆ ಬರೆಯುತ್ತದೆ. ಕಂಪನಿಯ ಫೈಲಿನಲ್ಲಿ ಆ ಜಾಗ ಖಾಲಿ. ಅದನ್ನೇ ಬರೆದರೆ ಬೋರ್ಡ್ ಏಳುತ್ತದೆ, ಆದರೆ ನಿಮ್ಮ ತೂಕದ ಸಾಫ್ಟ್‌ವೇರ್ 'ಇದು ಬೇರೆ ಯಂತ್ರ' ಅನ್ನುತ್ತದೆ. ಬಯೋಸ್ ಬರೆದ ಚಿಪ್ ಎಂದು ಆನ್‌ಲೈನ್‌ನಲ್ಲಿ ಮಾರುವುದನ್ನು ಹಾಕಿದರೂ ಇದೇ ಗತಿ.

ಇನ್ನು ಬರೆಯುವ ಫೈಲ್. ಆಸುಸ್ ತಾಣದಿಂದ ಬರುವ ಸಿಎಪಿ ಫೈಲನ್ನು ನೇರ ಬರೆಯಬಾರದು. ಅದರ ಗಾತ್ರ ನೋಡಿ: 83,90,656 ಬೈಟ್. ಚಿಪ್ಪಿಗಿಂತ 2,048 ಬೈಟ್ ಹೆಚ್ಚು. ಆ ಹೆಚ್ಚಿನದು ಫ್ಲಾಶ್ ಪ್ರೋಗ್ರಾಮಿಗಾಗಿ ಇರುವ ತಲೆಬರಹ, ಚಿಪ್ಪಿಗೆ ಹೋಗುವುದಲ್ಲ. ಯುಇಎಫ್ಐಟೂಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು, ಮೇಲಿನ ಕ್ಯಾಪ್ಸೂಲ್ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಟ್ರಾಕ್ಟ್ ಬಾಡಿ ಕೊಡಿ. ಹೊರಬಂದ ಫೈಲ್ ಸರಿಯಾಗಿ 83,88,608 ಬೈಟ್ ಇರಬೇಕು. ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ನೇರ ತೋರಿಸುವ ಸಾಫ್ಟ್‌ವೇರ್) ತೆರೆದರೆ 10ನೇ ಹೆಕ್ಸ್ ಸ್ಥಾನದಲ್ಲಿ 5ಎ ಎ5 ಎಫ್0 0ಎಫ್ ಕಾಣಬೇಕು, ಅದು ಇಂಟೆಲ್ ಡಿಸ್ಕ್ರಿಪ್ಟರಿನ (ಚಿಪ್ಪಿನಲ್ಲಿ ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ಗುರುತು. ಅದೇ ನಾಲ್ಕು ಬೈಟ್ 810ರಲ್ಲಿ ಕಂಡರೆ ತಲೆಬರಹ ಇನ್ನೂ ಹೋಗಿಲ್ಲ. ಎಲ್ಲ 2 ಕೆಬಿ ಜರುಗಿ ಕೂತರೆ ಪ್ರೊಸೆಸರ್‌ಗೆ ತನ್ನ ಮೊದಲ ಆದೇಶ ಸಿಗುವುದಿಲ್ಲ, ಬೋರ್ಡ್ ಈಗಿನ ಹಾಗೇ ಫ್ಯಾನ್ ಮಾತ್ರ ತಿರುಗಿಸುತ್ತದೆ. 'ಪ್ರೋಗ್ರಾಮರ್‌ನಲ್ಲಿ ಬರೆದರೂ ಏಳಲಿಲ್ಲ' ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎಫ್‌ಡಿ44 ಎಡಿಟರ್‌ನಲ್ಲಿ ಹಳೇ ಪ್ರತಿ ತೆರೆದು, ಮ್ಯಾಕ್, ಯುಯುಐಡಿ, ಸೀರಿಯಲ್ ಕಾಣುತ್ತವೆಯಾ ನೋಡಿ, ಅವನ್ನು ಹೊಸ ಫೈಲಿಗೆ ದಾಟಿಸಿ ಉಳಿಸಿ. ಗಾತ್ರ ಮತ್ತೆ ಪರೀಕ್ಷಿಸಿ. ನಂತರ ಎರೇಸ್, ಬ್ಲ್ಯಾಂಕ್ ಚೆಕ್, ರೈಟ್, ವೆರಿಫೈ, ಇದೇ ಕ್ರಮದಲ್ಲಿ. ಎರೇಸ್ ಮಾಡದೆ ಬರೆಯಲಾಗದು. ಫ್ಲಾಶ್‌ನಲ್ಲಿ ಬರೆಯುವಿಕೆ 1 ಇದ್ದುದನ್ನು 0 ಮಾಡಬಲ್ಲದು ಅಷ್ಟೇ, 0 ಇದ್ದುದನ್ನು 1 ಮಾಡಲು ಅಳಿಸಲೇಬೇಕು. ವೆರಿಫೈ ಸೋತರೆ ಚಿಪ್ ಬೋರ್ಡಿಗೆ ಹಾಕಬೇಡಿ.


ಗಂಗಾವತಿ_ಲ್ಯಾಬ್:

ಕಪ್ಪು ಪ್ರೋಗ್ರಾಮರ್‌ಗೆ ಬೆಸುಗೆ ಹಾಕೋದು ಬ್ಯಾಡ ಅನ್ಸಿದ್ರ ಇನ್ನೊಂದು ದಾರಿ ಐತಿ: ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್. ಅದರ ಪಿನ್ನುಗಳು ಹುಟ್ಟಾ 3.3 ವೋಲ್ಟ್, 5ರ ಭಯ ಇಲ್ಲ. ಕಾಲೇಜು ಲ್ಯಾಬಿನ್ಯಾಗ ಒಂದು ಸಿಕ್ಕೇ ಸಿಗತೈತಿ. ಬ್ರೆಡ್‌ಬೋರ್ಡಿನ ನಡು ಕಾಲುವೆ ಮ್ಯಾಲೆ ಚಿಪ್ ಕೂರಿಸಿ ಹಿಂಗ ಜೋಡಿಸ್ರಿ:

ಚಿಪ್ 1 (ಸಿಎಸ್) ಪೈ 24ಕ್ಕ
ಚಿಪ್ 2 (ಡೇಟಾ ಔಟ್) ಪೈ 21ಕ್ಕ
ಚಿಪ್ 4 (ಗ್ರೌಂಡ್) ಪೈ 25ಕ್ಕ
ಚಿಪ್ 5 (ಡೇಟಾ ಇನ್) ಪೈ 19ಕ್ಕ
ಚಿಪ್ 6 (ಕ್ಲಾಕ್) ಪೈ 23ಕ್ಕ
ಚಿಪ್ 3, 7, 8 ಮೂರೂ ಪೈ 17ಕ್ಕ, ಅಂದ್ರ 3.3 ವೋಲ್ಟಿಗೆ

3 ಮತ್ತ 7 ರೈಟ್ ಪ್ರೊಟೆಕ್ಟ್ ಮತ್ತ ಹೋಲ್ಡ್ ಕಾಲು. ಅವನ್ನ ಗಾಳಿಯಾಗ ಬಿಟ್ರ ಓದೋದು ಒಮ್ಮೆ ಸರಿ, ಒಮ್ಮೆ ತಪ್ಪು ಆಗತೈತಿ, ಕಾರಣನೂ ತಿಳಿಯಂಗಿಲ್ಲ. ವೈರ್ 10 ಸೆಂಟಿಮೀಟರ್‌ಗಿಂತ ಉದ್ದ ಬ್ಯಾಡ. ಪೈ ಸೆಟ್ಟಿಂಗ್‌ನ್ಯಾಗ ಎಸ್‌ಪಿಐ (ಚಿಪ್ ಜೊತಿ ಮಾತಾಡೋ ದಾರಿ) ಆನ್ ಮಾಡಿ, ಫ್ಲಾಶ್‌ರೋಮ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು, ವೇಗ ಮೊದ್ಲು 1 ಮೆಗಾಹರ್ಟ್ಸ್ ಇಡ್ರಿ. ಫ್ಲಾಶ್‌ರೋಮ್ ತಾನೇ ಅಳಿಸಿ, ಬರೆದು, ತಾಳೆ ನೋಡತೈತಿ. ಆದ್ರ ಎರಡು ಸರ್ತಿ ಓದಿ ಹೋಲಿಸೋ ಕೆಲಸ ಇಲ್ಲೂ ಬಿಡಬ್ಯಾಡ್ರಿ.

ಚಿಪ್ ಬೋರ್ಡಿಗೇ ಬೆಸುಗೆ ಆಗಿರೋ ಮಂದಿ ಇದನ್ನ ಓದಕತ್ತಿದ್ರ ಅವರಿಗೆ ಒಂದ್ ಮಾತು. ಕ್ಲಿಪ್ ಹಚ್ಚಿ ಓದುವಾಗ ಪ್ರೋಗ್ರಾಮರಿನ 3.3 ವೋಲ್ಟ್ ಬೋರ್ಡಿನ ಬ್ಯಾರೆ ಸರ್ಕ್ಯೂಟಿಗೂ ಹರಿದು ಹೋಗಿ ವೋಲ್ಟೇಜ್ ಕುಸೀತೈತಿ. ಎರಡು ಸರ್ತಿ ಓದಿದ್ದು ತಾಳೆ ಆಗ್ಲಿಲ್ಲಂದ್ರ ಚಿಪ್ ಬಿಚ್ಚಿಸೋದೇ ಸರಿ. ಹೊಸ ಬೋರ್ಡು, ಲ್ಯಾಪ್‌ಟಾಪ್‌ಗಳಲ್ಲಿ 1.8 ವೋಲ್ಟಿನ ಚಿಪ್ಪೂ ಬರತಾವ. ಮ್ಯಾಲಿನ ನಂಬರಿನ ಡೇಟಾಶೀಟ್ ನೋಡದೇ 3.3 ಕೊಡಬ್ಯಾಡ್ರಿ.


ಕಾರಟಗಿ_ವೇಬ್ರಿಡ್ಜ್:

ಐಡಿ ಇಎಫ್ 40 17 ಬಂತು, ಎರಡು ಪ್ರತಿಗಳೂ ತಾಳೆಯಾದವು. ಹಳೇ ಪ್ರತಿಯ ನಡುವೆ ದೊಡ್ಡ ಭಾಗ ಬರೀ ಎಫ್‌ಎಫ್ ಇದೆ. ಎಫ್‌ಡಿ44 ಎಡಿಟರ್ 'ಭಾಗ ಸಿಗಲಿಲ್ಲ' ಅನ್ನುತ್ತದೆ. ಗುರುತು ಹೋಯಿತೇ?


ಬಳ್ಳಾರಿ_ಕೌಲ್‌ಬಜಾರ್:

ಇಷ್ಟಕ್ಕೇ ಹೋಯಿತು ಅನ್ನಬೇಡಿ. ಬೋರ್ಡ್ ಮೇಲೆ ಅಥವಾ ಅದರ ಡಬ್ಬಿಯ ಮೇಲೆ ಮ್ಯಾಕ್ ವಿಳಾಸದ ಸ್ಟಿಕ್ಕರ್ ಇದೆಯಾ ನೋಡಿ, 12 ಅಕ್ಷರ. ಇಲ್ಲದಿದ್ದರೆ ಮಿಲ್ಲಿನ ರೌಟರ್ ಒಳಗೆ ಹೋಗಿ ಡಿಎಚ್‌ಸಿಪಿ ಪಟ್ಟಿಯಲ್ಲಿ (ರೌಟರ್‌ಗೆ ಸೇರಿದ ಯಂತ್ರಗಳ ಪಟ್ಟಿ) ಆ ಕಂಪ್ಯೂಟರಿನ ಹೆಸರಿನ ಎದುರು ಹುಡುಕಿ. ಅದು ಸಿಕ್ಕ ಮೇಲೆ ಹಳೇ ಪ್ರತಿಯನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಆ 12 ಅಕ್ಷರಗಳನ್ನು ಟೆಕ್ಸ್ಟ್ ಆಗಿಯೂ, ಹೆಕ್ಸ್ ಬೈಟ್ ಆಗಿಯೂ ಹುಡುಕಿ. ಸುತ್ತಲಿನ ರಚನೆ ಅಳಿಸಿಹೋದಾಗ ಎಡಿಟರ್‌ಗೆ ಭಾಗ ಗುರುತಾಗುವುದಿಲ್ಲ, ಆದರೆ ಮಾಹಿತಿ ಇನ್ನೂ ಕೂತಿರಬಹುದು. ಸಿಕ್ಕರೆ ಅದರ ಅಕ್ಕಪಕ್ಕದಲ್ಲೇ ಯುಯುಐಡಿ, ಸೀರಿಯಲ್ ಇರುತ್ತವೆ, ಎಡಿಟರ್‌ನಲ್ಲಿ ಕೈಯಿಂದ ತುಂಬಿಸಿ. ಸೀರಿಯಲ್ ಬೋರ್ಡಿನ ಬಾರ್‌ಕೋಡ್ ಸ್ಟಿಕ್ಕರ್‌ನಲ್ಲೂ ಸಿಗುತ್ತದೆ.

ಏನೂ ಸಿಗದಿದ್ದರೆ ಸ್ಟಿಕ್ಕರಿನ ಮ್ಯಾಕ್ ಮತ್ತು ಸೀರಿಯಲ್ ಹಾಕಿ ಬರೆಯಿರಿ. ಲೈಸೆನ್ಸ್ ಹಾರ್ಡ್ ಡಿಸ್ಕಿನ ನಂಬರಿಗೂ ಮ್ಯಾಕ್‌ಗೂ ಮಾತ್ರ ಕಟ್ಟಿದ್ದರೆ ಅಷ್ಟರಲ್ಲೇ ಒಪ್ಪುತ್ತದೆ.


ರಾಯಚೂರು_ಚಿಪ್‌ಲೆವೆಲ್:

ಬೋರ್ಡ್ ಎದ್ದ ಮ್ಯಾಲೆ ನೋಡಬೇಕಾದ್ದು ಹೇಳ್ತೀನಿ, ಇಲ್ಲಾಂದರ 'ಬಯೋಸ್ ಸರಿ ಆತು, ವಿಂಡೋಸ್ ಕೆಟ್ಟಿತು' ಅಂತ ಕೇಳ್ಲಿಕ್ಕ ಬರ್ತೀರಿ.

ಮೊದಲ ಸಲ ಎಫ್1 ಒತ್ರಿ ಅಂತ ಬರ್ತದ, ಹೆದರಬ್ಯಾಡ್ರಿ. ಸೆಟಪ್‌ನ್ಯಾಗ ಎಫ್5 ಒತ್ತಿ ಡಿಫಾಲ್ಟ್ ಹಾಕ್ರಿ. ಆಮ್ಯಾಲೆ ಸಾಟಾ ಮೋಡ್ (ಬೋರ್ಡ್ ಹಾರ್ಡ್ ಡಿಸ್ಕ್ ಜೊತಿ ಮಾತಾಡೋ ರೀತಿ) ನೋಡ್ರಿ. ಡಿಫಾಲ್ಟ್ ಎಎಚ್‌ಸಿಐ ಇರ್ತದ. ಮೊದಲು ವಿಂಡೋಸ್ 7 ಐಡಿಇ ಮೋಡಿನ್ಯಾಗ ಹಾಕಿದ್ದಿದ್ದರ 0ಎಕ್ಸ್7ಬಿ ನೀಲಿ ಪರದೆ ಬರ್ತದ. ಐಡಿಇಗೆ ಬದಲಿಸಿದರ ಸಾಕು, ವಿಂಡೋಸ್ ಮತ್ತ ಹಾಕೋ ಕೆಲಸಿಲ್ಲ. ಸೀರಿಯಲ್ ಪೋರ್ಟ್ ಅಡ್ವಾನ್ಸ್ಡ್ ಒಳಗ ಆನ್‌ಬೋರ್ಡ್ ಡಿವೈಸಸ್‌ನ್ಯಾಗ ಅದ. ಎನೇಬಲ್ಡ್, ವಿಳಾಸ 3ಎಫ್8, ಐಆರ್‌ಕ್ಯೂ 4 ಇದ್ದರ ಅದೇ ಕಾಮ್1. ಇದು ಬ್ಯಾರೆ ಆದರ ವಿಂಡೋಸ್ ಅದನ್ನ ಕಾಮ್2 ಅನ್ನಬಹುದು, ತೂಕದ ಪರದೆ ಮ್ಯಾಲೆ ಸೊನ್ನೆ ಬಿಟ್ಟು ಬ್ಯಾರೆ ಬರಂಗಿಲ್ಲ. ದಿನಾಂಕ, ವ್ಯಾಳ್ಯಾ ಸರಿ ಮಾಡ್ರಿ, ಚೀಟಿ ಮ್ಯಾಲೆ ತಪ್ಪು ತಾರೀಕು ಬಿದ್ದರ ಲೆಕ್ಕದಾಗ ತಕರಾರು. ಸಿಆರ್2032 ಸೆಲ್ 2.8 ವೋಲ್ಟಿಗಿಂತ ಇಳಿದಿದ್ದರ ಹೊಸದೇ ಹಾಕ್ರಿ.

ಪೆಂಟಿಯಂ ಮ್ಯಾಲೆ ಎರಡು ದಿನ ಕೆಲಸ ಮಾಡಿಸಿ, ಬಯೋಸ್ ಆವೃತ್ತಿ ಹೊಸದು ಅಂತ ಪರದೆ ಮ್ಯಾಲೆ ಓದಿದ ಮ್ಯಾಲೇ 4590 ಹಾಕ್ರಿ.


ಸಿಂಧನೂರು_ಯುಪಿಎಸ್:

ಕರೆಂಟ್ ಬಗ್ಗೆ ಯಾರೂ ಹೇಳಿಲ್ಲ. ಎಟಿಎಕ್ಸ್ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಕರೆಂಟ್ ಹೋದ ಮೇಲೂ 16 ಮಿಲಿಸೆಕೆಂಡ್ ಆಸುಪಾಸು ತಡೆದುಕೊಳ್ಳಬೇಕೆಂಬ ನಿಯಮ ಇದೆ. ಒಳ್ಳೆಯ ಯುಪಿಎಸ್ ಅದಕ್ಕಿಂತ ಬೇಗ ಬ್ಯಾಟರಿಗೆ ಹೊರಳುತ್ತದೆ. ಮನೆಯ ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿ ಇಲ್ಲದಿದ್ದರೆ ಹೊರಳುವುದು ನಿಧಾನ, ಆ ಸಂದಿನಲ್ಲಿ ಕಂಪ್ಯೂಟರ್ ಆಫ್ ಆಗುತ್ತದೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ದೊಡ್ಡ ಕೆಪಾಸಿಟರ್ ಒಣಗಿ 16 ಮಿಲಿಸೆಕೆಂಡ್ ಕೂಡ ನಿಲ್ಲುವುದಿಲ್ಲ.

ಮಿಲ್ಲಿನಲ್ಲಿ ದೊಡ್ಡ ಮೋಟಾರ್ ಸ್ಟಾರ್ಟ್ ಆದಾಗ ವೋಲ್ಟೇಜ್ ಕುಗ್ಗುತ್ತದೆ, ಯುಪಿಎಸ್ ಪದೇ ಪದೇ ಬ್ಯಾಟರಿಗೆ ಹೋಗಿ ಬಂದು ಬ್ಯಾಟರಿ ಬೇಗ ಸಾಯುತ್ತದೆ. ಇನ್ನೊಮ್ಮೆ ಬಯೋಸ್ ಮುಟ್ಟುವ ಮುಂಚೆ ವಿಂಡೋಸ್ ತೆರೆದಿಟ್ಟು ಯುಪಿಎಸ್‌ನ ಪ್ಲಗ್ ಕಿತ್ತು 15 ನಿಮಿಷ ಬಿಡಿ. ಹತ್ತು ನಿಮಿಷದೊಳಗೆ ಆಫ್ ಆದರೆ ಬ್ಯಾಟರಿ ಬದಲಿಸದೆ ಅಪ್‌ಡೇಟ್ ಬೇಡ. 12 ವೋಲ್ಟ್ 7 ಎಎಚ್‌ನ ಬ್ಯಾಟರಿ ಕೊಪ್ಪಳದಲ್ಲೂ ಸಿಂಧನೂರಲ್ಲೂ ಸಿಗುತ್ತದೆ. ಅಪ್‌ಡೇಟಿನ ಹೊತ್ತಿಗೆ ಕಂಪ್ಯೂಟರ್, ಮಾನಿಟರ್ ಬಿಟ್ಟು ಬೇರೆ ಏನೇನು ಆ ಯುಪಿಎಸ್‌ಗೆ ಚುಚ್ಚಿದೆಯೋ ಎಲ್ಲ ಕೀಳಿ. ಲೇಸರ್ ಪ್ರಿಂಟರ್ ಇದ್ದರೆ ಅದನ್ನಂತೂ ಮೊದಲು, ಅದರ ಹೀಟರ್ ಒಂದೇ ಸಣ್ಣ ಯುಪಿಎಸ್‌ ಅನ್ನು ಓವರ್‌ಲೋಡ್ ಮಾಡುತ್ತದೆ.


ಕಾರಟಗಿ_ವೇಬ್ರಿಡ್ಜ್:

ಮ್ಯಾಕ್ ರೌಟರ್‌ನಲ್ಲಿ ಸಿಕ್ಕಿತು. ಹಳೇ ಪ್ರತಿಯಲ್ಲಿ ಅದೇ 12 ಅಕ್ಷರ ಟೆಕ್ಸ್ಟ್ ರೂಪದಲ್ಲೇ ಇದ್ದವು, ಪಕ್ಕದಲ್ಲಿ ಸೀರಿಯಲ್ ಕೂಡ. ತುಂಬಿಸಿ ಬರೆದೆ, ವೆರಿಫೈ ಸರಿ ಬಂತು. ಬೋರ್ಡ್ ಎದ್ದಿದೆ, ಸಾಟಾ ಮೋಡ್ ಐಡಿಇ ಮಾಡಬೇಕಾಯಿತು. ಲೈಸೆನ್ಸ್ ತಕರಾರು ಮಾಡಲಿಲ್ಲ, ಕಾಮ್1ರಲ್ಲಿ ತೂಕ ಬರುತ್ತಿದೆ. ಈಗ ಓದಿದ ಹೊಸ ಪ್ರತಿಯನ್ನೂ ಉಳಿಸಿಡಬೇಕೇ?


ಬಳ್ಳಾರಿ_ಕೌಲ್‌ಬಜಾರ್:

ಹೌದು, ಆದರೆ ಬೋರ್ಡ್ ಎದ್ದ ನಂತರದ ಪ್ರತಿ. ಒಮ್ಮೆ ಬೂಟ್ ಆದ ಮೇಲೆ ಸೆಟ್ಟಿಂಗ್‌ಗಳೂ ಅದೇ ಚಿಪ್ಪಿಗೆ ಬರೆಯಲ್ಪಡುತ್ತವೆ. ಎಲ್ಲ ಸೆಟ್ ಮಾಡಿ, ಎಸ್‌ಎಂಪಿಎಸ್ ಆಫ್ ಮಾಡಿ, ಚಿಪ್ ತೆಗೆದು ಓದಿಟ್ಟರೆ ಮುಂದೆ ಖಾಲಿ 25ಕ್ಯೂ64 ಚಿಪ್ಪಿಗೆ ಅದನ್ನೇ ಬರೆದು ಕೂರಿಸಬಹುದು. ಫೈಲಿನ ಹೆಸರಿನಲ್ಲಿ ಬೋರ್ಡಿನ ಪೂರ್ತಿ ಮಾಡೆಲ್, ಬಯೋಸ್ ಆವೃತ್ತಿ, ತಾರೀಕು ಬರೆಯಿರಿ. ಆ ಕಂಪ್ಯೂಟರಿನಲ್ಲಿ ಮಾತ್ರ ಇಡಬೇಡಿ.